ಟಿಕೆಟ್ ಉಂಟು, ಬಸ್ಸಿಲ್ಲ

ನಮ್ಮದು ಮಂಗಳೂರಿನಿಂದ ಒಳಗೆ, ಮುಖ್ಯರಸ್ತೆ ಬಿಟ್ಟು ಆರೇಳು ಕಿಲೋಮೀಟರ್ ಗುಡ್ಡ ಹತ್ತಿಳಿದರೆ ಸಿಗುವ ಊರು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ನಮ್ಮ ನೆರೆಕರೆಯ ಹೆಂಗಸರಿಗೆಲ್ಲ ಹಬ್ಬದ ಸಂಭ್ರಮ. ಸರಕಾರಿ ಬಸ್ಸಿನಲ್ಲಿ ರಾಜ್ಯದ ಯಾವ ಮೂಲೆಗೂ ದುಡ್ಡು ಕೊಡದೆ ಹೋಗಬಹುದು ಎಂದರೆ, ದಿನವಿಡೀ ಬೀಡಿ ಕಟ್ಟಿ ಬದುಕುವವರಿಗೆ ಅದು ಸಣ್ಣ ಮಾತಲ್ಲ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಕಂಡಕ್ಟರ್ ನಕ್ಕ. "ಇದು ಪ್ರೈವೇಟ್ ಅಕ್ಕ, ಆಧಾರ್ ಇಲ್ಲಿ ನಡೆಯುದಿಲ್ಲ." "ಹಾಗಾದರೆ ಸರಕಾರಿ ಬಸ್ಸು ಎಲ್ಲಿ ಉಂಟು ಮಾರಾಯಾ?" ಎಂದು ಅಕ್ಕ ಕೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ನಾವೂ ನಕ್ಕೆವು. ಆಮೇಲೆ ಎಲ್ಲರೂ ಚಿಲ್ಲರೆ ತೆಗೆದು ಟಿಕೆಟ್ ಕೊಂಡೆವು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕತೆಯೇ ಇದು. 1948ರಲ್ಲಿ ಮೈಸೂರು ಸರಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿದಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಏಕೀಕರಣವಾಗಿ ಇಷ್ಟು ವರ್ಷವಾದರೂ ಇಲ್ಲಿನ ಹೆಚ್ಚಿನ ಒಳರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ನಾವು ಖಾಸಗಿಯವರನ್ನು ಬೈಯುವುದಿಲ್ಲ. ಸರಕಾರ ತಿರುಗಿ ನೋಡದ ಕಾಲದಲ್ಲಿ ನಮ್ಮ ಹೆರಿಗೆ, ಪರೀಕ್ಷೆ, ಸಂತೆ ಎಲ್ಲವನ್ನೂ ಹೊತ್ತು ತಿರುಗಿದ್ದು ಅವೇ. ಆದರೆ ಅವರದು ವ್ಯಾಪಾರ. ಸಂಜೆ ಏಳರ ನಂತರ ಹತ್ತು ಜನರೂ ಇಲ್ಲದ ಟ್ರಿಪ್ಪಿಗೆ ಡೀಸೆಲ್ ಸುಡು ಎಂದು ಯಾವ ಮಾಲಕರಿಗೆ ಹೇಳುವುದು? ಆ ಹತ್ತು ಜನರಿಗಾಗಿ ಓಡಿಸಬೇಕಾದದ್ದು ಸರಕಾರ.

ಅಕ್ಕನ ಮಗಳು ಬಿಕಾಂ ಮುಗಿಸಿದಳು. ನಗರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಬಿಡುವುದು ರಾತ್ರಿ ಎಂಟಕ್ಕೆ, ನಮ್ಮೂರಿನ ಕೊನೆಯ ಬಸ್ಸು ಏಳೂಕಾಲಿಗೆ. ಮುಖ್ಯರಸ್ತೆಯಿಂದ ದಿನಾ ರಿಕ್ಷಾ ಹಿಡಿದರೆ ಸಂಬಳದ ದೊಡ್ಡ ಪಾಲು ಅಲ್ಲಿಗೇ. ಹದಿನೈದು ದಿನ ಅಣ್ಣ ಸ್ಕೂಟರಿನಲ್ಲಿ ಕರೆತಂದ, ಹದಿನಾರನೇ ದಿನ ಮಳೆಗೆ ಸ್ಕೂಟರ್ ಜಾರಿ ಅವನ ಕೈ ಮುರಿಯಿತು. ಹುಡುಗಿ ಕೆಲಸ ಬಿಟ್ಟಳು. ಈಗ ತಾಯಿಯ ಪಕ್ಕ ಕೂತು ಎಲೆ ಕತ್ತರಿಸುತ್ತಾಳೆ. ಹೆಣ್ಣುಮಕ್ಕಳನ್ನು ಓದಿಸಿ ಎಂದು ನಾವೇ ಮನೆಮನೆಗೆ ಹೋಗಿ ಹೇಳಿದವರು. ಓದಿಸಿದವರ ಮುಖ ನೋಡುವುದು ಈಗ ಕಷ್ಟ.

ಮನವಿ ಹಿಡಿದು ಹೋದೆವು. ಒಮ್ಮೆ ಬಸ್ಸು ಬಂತು ಕೂಡಾ. ಮಾವಿನ ತೋರಣ, ತೆಂಗಿನಕಾಯಿ, ಹಸಿರು ಬಾವುಟ, ಜನಪ್ರತಿನಿಧಿಗಳ ಭಾಷಣ ಎಲ್ಲ ಆಯಿತು. ಐದು ವಾರ ಓಡಿತು. ನಂತರ ಒಂದು ದಿನ ಬರಲಿಲ್ಲ, ಇನ್ನೊಂದು ದಿನ ತಡವಾಗಿ ಬಂತು, ಆಮೇಲೆ ನಿಂತೇ ಹೋಯಿತು. ಕೇಳಿದರೆ ಚಾಲಕರಿಲ್ಲ ಎಂದರು, ಪರ್ಮಿಟ್ಟಿನ ತಕರಾರು ಎಂದರು, ಕಲೆಕ್ಷನ್ ಇಲ್ಲ ಎಂದರು. ಮೂರೂ ನಿಜವೇ ಇರಬಹುದು. ಆದರೆ ಬಾವುಟ ಬೀಸುವ ದಿನವೂ ಅವು ನಿಜವಾಗಿದ್ದವಲ್ಲ?

ಗಂಟು ಇರುವುದು ಇಲ್ಲಿಯೇ. ಬಸ್ಸು ಕೊಳ್ಳುವುದಕ್ಕೆ ದುಡ್ಡು ಸಿಗುತ್ತದೆ, ಓಡಿಸುವುದಕ್ಕೆ ಸಿಗುವುದಿಲ್ಲ. 2005ರಲ್ಲಿ ಆರಂಭವಾದ ಕೇಂದ್ರದ ನರ್ಮ್ ಯೋಜನೆಯಲ್ಲಿ ದೇಶದ ಎಷ್ಟೋ ನಗರಗಳಿಗೆ ಹೊಸ ಬಸ್ಸು ಬಂದವು. ಮಂಗಳೂರಿನ ಜನ 'ನರ್ಮ್ ಬಸ್' ಎಂಬ ಹೆಸರನ್ನು ಮರೆತಿಲ್ಲ. ಖರೀದಿಗೆ ಕೇಂದ್ರದ ಪಾಲು ಇತ್ತು. ಚಾಲಕನ ಸಂಬಳ, ಟೈರು, ಡೀಸೆಲ್ಲು ಮಾತ್ರ ಓಡಿಸುವವರ ಹಣೆಬರಹ. ಶಕ್ತಿ ಯೋಜನೆಯಲ್ಲೂ ಅಷ್ಟೇ: ಉಚಿತ ಟಿಕೆಟಿನ ಹಣವನ್ನು ಸರಕಾರ ನಿಗಮಗಳಿಗೆ ತುಂಬಿಕೊಡಬೇಕು, ಬಾಕಿ ಉಳಿಯುತ್ತಾ ಹೋಯಿತು. 2025ರ ಜನವರಿಯಲ್ಲಿ ದರ ಶೇ. 15 ಏರಿತು. ಅದೇ ಆಗಸ್ಟ್ 5ರಂದು ನೌಕರರು 38 ತಿಂಗಳ ವೇತನ ಹಿಂಬಾಕಿ ಕೇಳಿ ಮುಷ್ಕರ ಹೂಡಿದರು. ಮಹಿಳೆಯರಿಗೆ ಉಚಿತ ಪ್ರಯಾಣ ಒಳ್ಳೆಯದೇ, ನಾವು ಅದನ್ನು ಕಸಿಯಿರಿ ಎನ್ನುವವರಲ್ಲ. ಆದರೆ ಆ ಪುಣ್ಯದ ಲೆಕ್ಕವನ್ನು ಚಾಲಕನ ಜೇಬಿನಿಂದ ತುಂಬುವುದು ಯಾವ ನ್ಯಾಯ?

ಹಣವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನ ಮೆಟ್ರೋ ಮೊದಲ ಹಂತ 42 ಕಿಲೋಮೀಟರ್. 2006ರಲ್ಲಿ ಶಂಕುಸ್ಥಾಪನೆಯಾಗಿ 2017ರಲ್ಲಿ ಪೂರ್ಣಗೊಳ್ಳುವಾಗ ಖರ್ಚು ಸುಮಾರು 14 ಸಾವಿರ ಕೋಟಿ ಮುಟ್ಟಿತ್ತು. ಅಂದರೆ ಕಿಲೋಮೀಟರಿಗೆ 300 ಕೋಟಿಗೂ ಹೆಚ್ಚು. ಒಂದು ಬಸ್ಸಿಗೆ ಅರ್ಧ ಕೋಟಿ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ, ಆ ಒಂದು ಕಿಲೋಮೀಟರಿನ ದುಡ್ಡಿಗೆ 600 ಬಸ್ಸು. ಮೆಟ್ರೋ ಬೇಡ ಎನ್ನಲಾರೆವು. ದೊಡ್ಡ ನಗರಕ್ಕೆ ಅದು ಬೇಕೇ ಬೇಕು. ಆದರೆ ಅದೇ ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರುಗಳು ಸಲೀಸಾಗಿ ಹೋಗಲೆಂದು ಸುಮಾರು 17 ಕಿಲೋಮೀಟರ್ ಸುರಂಗಕ್ಕೆ 17 ಸಾವಿರ ಕೋಟಿಯ ಅಂದಾಜು ಹಾಕುವಾಗ ಯಾರೂ 'ಕಲೆಕ್ಷನ್ ಇಲ್ಲ' ಎನ್ನಲಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿದಾಗಲಂತೂ ರಾಜ್ಯ ಕೇಂದ್ರದತ್ತ, ಕೇಂದ್ರ ರಾಜ್ಯದತ್ತ ಬೆರಳು ತೋರಿಸಿ ಕೂತವು. ಉದ್ಘಾಟನೆಗೆ ಇಬ್ಬರೂ ಹಕ್ಕುದಾರರು, ದರ ಏರಿಕೆಗೆ ಯಾರೂ ವಾರಸುದಾರರಿಲ್ಲ.

ಬೇರೆಡೆ ದಾರಿ ಹುಡುಕಿದವರಿದ್ದಾರೆ. ಪ್ಯಾರಿಸ್ ಪ್ರದೇಶದಲ್ಲಿ 1971ರಿಂದ ಕಂಪೆನಿಗಳು ತಾವು ಕೊಡುವ ಸಂಬಳದ ಲೆಕ್ಕದಲ್ಲಿ ಸಾರಿಗೆಗೆಂದೇ ತೆರಿಗೆ ಕಟ್ಟುತ್ತವೆ. ಕೆಲಸಗಾರ ಸಮಯಕ್ಕೆ ಬಂದರೆ ಲಾಭ ಯಜಮಾನನಿಗೂ ಇದೆಯಲ್ಲ! ಲಂಡನ್ನಿನಲ್ಲಿ ಮೇಯರ್ ಕೆನ್ ಲಿವಿಂಗ್‌ಸ್ಟನ್ 2003ರ ಫೆಬ್ರವರಿಯಲ್ಲಿ ನಗರಮಧ್ಯಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು. ಆ ಹಣ ಸಾರಿಗೆಗೇ ಹೋಗಬೇಕೆಂದು ಕಾನೂನೇ ಕಟ್ಟಿಹಾಕಿತ್ತು. ಕಾರಿನವರು ಸಿಟ್ಟಾದರು, ಆದರೂ ಮರುವರ್ಷದ ಚುನಾವಣೆಯಲ್ಲಿ ಅವರು ಗೆದ್ದರು. ನಮ್ಮಲ್ಲಿ 2024ರ ಜೂನ್‌ನಲ್ಲಿ ರಾಜ್ಯ ಸರಕಾರ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ದುಬಾರಿಯಾಯಿತು. ಅದರಲ್ಲಿ ಒಂದು ರೂಪಾಯಿಯನ್ನು ಬಸ್ಸಿಗೆಂದು ಬೇರೆ ಖಾತೆಯಲ್ಲಿ ಇಟ್ಟು, ಯಾವ ಪಕ್ಷ ಬಂದರೂ ಅದನ್ನು ಮುಟ್ಟದಂತೆ ಶಾಸನ ಮಾಡಿದ್ದರೆ? ಐದು ವರ್ಷಕ್ಕೆ ಇಷ್ಟು ಬಸ್ಸು, ಇಷ್ಟು ಚಾಲಕರು, ಇಂತಿಂಥ ಊರಿಗೆ ಇಂತಿಷ್ಟು ಹೊತ್ತಿಗೆ ಎಂದು ಬರೆದಿಡಬಹುದಿತ್ತು. ನಷ್ಟದ ರೂಟಿಗೆ ಖಾಸಗಿಯವರೇ ಓಡಿಸುತ್ತಾರೆಂದರೆ ಕಿಲೋಮೀಟರ್ ಲೆಕ್ಕದಲ್ಲಿ ಅವರಿಗೇ ಕೊಡಬಹುದಿತ್ತು. ಶಕ್ತಿಯ ಟಿಕೆಟ್ ಅವರ ಬಸ್ಸಿನಲ್ಲೂ ನಡೆಯುವಂತೆ ಮಾಡಬಹುದಿತ್ತು.

ಕಳೆದ ತಿಂಗಳು ಮೂರನೇ ಮನವಿ ಬರೆದೆವು. ಈ ಸಲ 'ನಮ್ಮೂರಿಗೆ ಬಸ್ಸು ಬಿಡಿ' ಎಂದು ಬರೆಯಲಿಲ್ಲ. ರಾತ್ರಿ ಎಂಟೂವರೆಯ ಒಂದೇ ಟ್ರಿಪ್ಪಿಗೆ ಮೂರು ವರ್ಷದ ಹಣವನ್ನು ಮೊದಲೇ ತೆಗೆದಿಟ್ಟು ಆಮೇಲೆ ಬಾವುಟ ತನ್ನಿ ಎಂದು ಬರೆದೆವು. ಅಕ್ಕ ಸಹಿ ಹಾಕಿದರು. ಮಗಳು ಸ್ವಲ್ಪ ಹೊತ್ತು ಕಾಗದ ನೋಡುತ್ತಾ ನಿಂತು, ತಾನೂ ಹಾಕಿ, ಎಲೆ ಕತ್ತರಿಸಲು ಒಳಗೆ ಹೋದಳು.