ತೆರಪಿನ ಓದು

ಬನಶಂಕರಿ ದೇವಸ್ಥಾನವನ್ನು ದಾಟಿ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗುವವರು ಬಲಗಡೆಗೆ ತಿರುಗಿದರೆ, ಸ್ವಲ್ಪ ದೂರದಲ್ಲಿಯೇ ನೆಲ ಏರತೊಡಗುತ್ತದೆ. ಅದೇ ಕುಮಾರಸ್ವಾಮಿ ಲೇಔಟ್. ಬೆಂಗಳೂರಿನ ಇತರ ಬಡಾವಣೆಗಳಂತೆ ಇಲ್ಲಿಯೂ ಬೀದಿಗಳಿಗೆ ಹೆಸರಿಗಿಂತ ಅಂಕಿಯ ಮೇಲೆ ಪ್ರೀತಿ ಹೆಚ್ಚು. ಎಷ್ಟನೆಯ ಮೇನ್, ಎಷ್ಟನೆಯ ಕ್ರಾಸ್ ಎಂಬುದನ್ನು ಸರಿಯಾಗಿ ಗುರುತು ಹಾಕಿಕೊಳ್ಳದೆ ಬಂದ ನೆಂಟರು, ಒಂದು ದಿಣ್ಣೆಯನ್ನು ಎರಡೆರಡು ಸಲ ಹತ್ತಿ ಇಳಿದು, ಏದುಸಿರು ಬಿಡುತ್ತಾ ಬಾಗಿಲು ತಟ್ಟುವುದು ಇಲ್ಲಿ ಸಾಮಾನ್ಯವಾದ ನೋಟ.

ದಿಣ್ಣೆಯ ಮೇಲ್ಭಾಗಕ್ಕೆ ಶಾವಿಗೆ ಮಲ್ಲೇಶ್ವರ ಬೆಟ್ಟವೆಂದು ಹೆಸರು. ದಯಾನಂದ ಸಾಗರ ವಿದ್ಯಾಸಂಸ್ಥೆಗಳು ಇರುವುದು ಅಲ್ಲಿಯೇ. ಅದರ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1979ರಲ್ಲಿ. ಬೆಳಗಿನ ಹೊತ್ತು ಬಸ್ಸುಗಳಿಂದಿಳಿದ ತರುಣ ತರುಣಿಯರು ಹೆಗಲಿಗೆ ಚೀಲ ತೂಗುಹಾಕಿಕೊಂಡು ಗುಂಪುಗುಂಪಾಗಿ ಏರನ್ನು ಹತ್ತುವುದನ್ನು ನೋಡಿದರೆ, ವಿದ್ಯೆ ಎಂಬುದು ಬೆಟ್ಟದ ಮೇಲೆಯೇ ಇರುವ ವಸ್ತುವೆಂದು ಹೊಸಬರು ಭಾವಿಸಿಯಾರು.

ಆದರೆ ಈ ಬಡಾವಣೆಯಲ್ಲಿ ಇನ್ನೊಂದು ಬಗೆಯ ವಿದ್ಯಾರ್ಥಿಗಳಿದ್ದಾರೆ. ಅವರು ಏರನ್ನು ಹತ್ತುವುದಿಲ್ಲ. ಅವರ ಕೊರಳಲ್ಲಿ ಗುರುತಿನ ಚೀಟಿ ತೂಗುವುದಿಲ್ಲ. ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಒಲೆಯ ಮೇಲಿನ ಕುಕ್ಕರಿನ ಕೂಗನ್ನು ಎಣಿಸುತ್ತಾ, ಊಟದ ಮೇಜಿನ ಒಂದು ಮೂಲೆಯಲ್ಲಿ ಪುಸ್ತಕ ತೆರೆಯುವ ತಾಯಂದಿರು ಅವರು. ಸಂಜೆ ಕಚೇರಿಯಿಂದ ಬಂದು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಪುಟ ತಿರುಗಿಸುವ ತಂದೆಯರೂ ಅವರಲ್ಲಿ ಉಂಟು. ಊರನ್ನು ನೋಡಲು ಬಂದವರ ಕಣ್ಣಿಗೆ ಬೀಳದ ಈ ಕಾಲೇಜಿಗೆ ಕಟ್ಟಡವಿಲ್ಲ, ಗಂಟೆಯಿಲ್ಲ; ಹಾಜರಿ ಮಾತ್ರ ಕಟ್ಟುನಿಟ್ಟು.

ಇಂತಹ ವ್ಯಾಸಂಗಕ್ಕೆ ಕನ್ನಡದಲ್ಲಿ ಹಿಂದೆ ಸೊಗಸಾದ ಒಂದು ಹೆಸರಿತ್ತು: ಅಂಚೆ ತೆರಪಿನ ಶಿಕ್ಷಣ. ಈಗ 'ದೂರಶಿಕ್ಷಣ' ಎನ್ನುತ್ತೇವೆ. ಕನ್ನಡ ಪಾಠ ಹೇಳುವವನಾದ ನನಗೆ ಹಳೆಯ ಮಾತಿನ ಮೇಲೆಯೇ ಮೋಹ. ತೆರಪು ಎಂದರೆ ಎರಡರ ನಡುವಣ ಎಡೆ, ಬಿಡುವು, ಅವಕಾಶ. 'ದೂರ' ಎಂಬ ಶಬ್ದ ವಿಶ್ವವಿದ್ಯಾನಿಲಯದ ಕಡೆಯಿಂದ ಅಳೆದ ಮಾತು. 'ತೆರಪು' ಓದುವವರ ಮನೆಯೊಳಗಿನಿಂದ ಹುಟ್ಟಿದ ಮಾತು. ಎರಡು ಕೆಲಸಗಳ ನಡುವೆ, ಎರಡು ಅಳುಗಳ ನಡುವೆ ದೊರೆತ ಸಂದಿಯಲ್ಲಿ ಓದುವುದೇ ಅಲ್ಲವೇ ಈ ವಿದ್ಯೆ?

ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಹೊರಗಿನ ಅಭ್ಯರ್ಥಿಗಳಿಗೆ ಪದವಿಯ ಬಾಗಿಲು ತೆರೆದಿತ್ತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸಲಾರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆ ದಾರಿ ಹಿಡಿಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಎಂದರೆ ಜನರ ಬಾಯಲ್ಲಿ 'ಇಗ್ನೋ', 1985ರಲ್ಲಿ ಹುಟ್ಟಿತು. ಮೈಸೂರಿನಲ್ಲಿ 1996ರ ಜೂನ್ ಒಂದರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕನ್ನಡ ಮಾಧ್ಯಮದಲ್ಲಿ ಓದುವವರಿಗೂ ಸ್ವಂತದ್ದೊಂದು ಮನೆ ದೊರೆತಂತಾಯಿತು.

ಇದು ಸುಲಭವಾದ ಪದವಿ ಎಂಬ ತಾತ್ಸಾರದ ಮಾತು ಆಗಾಗ ಕಿವಿಗೆ ಬೀಳುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇಗ್ನೋದ ಕ್ರಮದಂತೆ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. 80 ಕ್ರೆಡಿಟ್‌ಗಳ ಎಂ.ಎ. ಆದರೆ 2,400 ಗಂಟೆಗಳಾಯಿತು. ಎರಡೇ ವರ್ಷದಲ್ಲಿ ಮುಗಿಸಬೇಕಾದರೆ ಒಂದು ಭಾನುವಾರವನ್ನೂ ಬಿಡದೆ ದಿನಕ್ಕೆ ಸುಮಾರು ಮೂರೂಕಾಲು ಗಂಟೆ ಓದಬೇಕು. ಎರಡು ವರ್ಷದ ವ್ಯಾಸಂಗಕ್ಕೆ ಅಲ್ಲಿ ನಾಲ್ಕು ವರ್ಷದವರೆಗೆ ಅವಧಿಯುಂಟು. ಹಾಗೆ ಹರಡಿಕೊಂಡರೆ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ ಸಾಕು. ಮೂರೂಕಾಲು ಗಂಟೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕನಸು. ಒಂದು ಗಂಟೆ ನಲವತ್ತು ನಿಮಿಷ ಕಷ್ಟಸಾಧ್ಯವಾದರೂ ಅಸಾಧ್ಯವಲ್ಲ. ಮುಕ್ತ ವಿಶ್ವವಿದ್ಯಾನಿಲಯದ ನಿಜವಾದ ಔದಾರ್ಯ ಇರುವುದು ಪಾಠದ ಪುಸ್ತಕಗಳಲ್ಲಿ ಅಲ್ಲ, ಈ ನಿಧಾನಕ್ಕೆ ಕೊಟ್ಟ ಅನುಮತಿಯಲ್ಲಿ ಎಂದು ನನ್ನ ಎಣಿಕೆ.

ನಮ್ಮ ಬೀದಿಯ ಗೃಹಿಣಿಯೊಬ್ಬರು ಹೀಗೆ ಎಂ.ಎ. ಓದುತ್ತಿದ್ದಾರೆ. ದೊಡ್ಡ ಮಗಳು ಒಂದನೆಯ ತರಗತಿ; ಚಿಕ್ಕವನಿಗೆ ಎರಡು ತುಂಬಿಲ್ಲ. ಓದು ಹೇಗೆ ಸಾಗಿದೆಯೆಂದು ಒಮ್ಮೆ ಕೇಳಿದೆ. "ಪುಸ್ತಕ ಇದೆ ಸಾರ್, ಬುದ್ಧಿಯೂ ತಕ್ಕಮಟ್ಟಿಗೆ ಇದೆ. ಒಂದು ಗಂಟೆ ಹೊತ್ತು ಮಾತ್ರ ಒಂದೇ ತುಂಡಾಗಿ ಸಿಗುವುದಿಲ್ಲ" ಎಂದರು. ನಿವೇದಿಸಬೇಕಾದ ಅಸೈನ್‌ಮೆಂಟಿನ ಮೂರು ಪುಟ ಬರೆಯಲು ಅವರಿಗೆ ಹನ್ನೊಂದು ಸಲ ಏಳಬೇಕಾಯಿತಂತೆ. ಮೂರನೆಯ ಪುಟದ ಅಂಚಿನಲ್ಲಿ ಚಿಕ್ಕವನು ತನ್ನ ಅಭಿಪ್ರಾಯವನ್ನು ನೀಲಿ ಬಳಪದಲ್ಲಿ ದಾಖಲು ಮಾಡಿದ್ದರಿಂದ ಅದನ್ನು ಮತ್ತೊಮ್ಮೆ ಬರೆಯಬೇಕಾಯಿತು. ನಕ್ಕುಕೊಂಡೇ ಹೇಳಿದರು. ಆದರೆ ಇಗ್ನೋದ ಬಹುಪಾಲು ವಿಷಯಗಳಲ್ಲಿ ನೂರಕ್ಕೆ ಮೂವತ್ತು ಅಂಕಗಳು ಈ ಬರವಣಿಗೆಗೇ ಮೀಸಲು. ಉಳಿದ ಎಪ್ಪತ್ತು ಜೂನ್ ಅಥವಾ ಡಿಸೆಂಬರಿನ ಪರೀಕ್ಷೆಗೆ. ನಗುವಿನ ಹಿಂದಿನ ಆತಂಕ ಅಷ್ಟರಿಂದ ತಿಳಿದೀತು.

ಭಾನುವಾರದ ಸಂಪರ್ಕ ತರಗತಿಯೆಂದರೆ ಅವರಿಗೆ ಒಂದು ಯಾತ್ರೆಯೇ. 2017ರಲ್ಲಿ ಮೆಟ್ರೊ ರೈಲು ಯಲಚೇನಹಳ್ಳಿಯವರೆಗೆ ಬಂದದ್ದು ಈ ಕಡೆಯವರಿಗೆ ದೊಡ್ಡ ಉಪಕಾರವಾಯಿತು. ಕುಳಿತುಕೊಳ್ಳಲು ಜಾಗ ಸಿಕ್ಕಿದರೆ, ಯಾರೂ 'ಅಮ್ಮಾ' ಎಂದು ಕೂಗದ ಅರ್ಧ ಗಂಟೆ ಅಲ್ಲಿ ದೊರೆಯುತ್ತದೆ. ಆದರೆ ರೈಲು ಹತ್ತುವ ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು: ಸಂಜೆಯವರೆಗೆ ಮಕ್ಕಳು ಯಾರ ಬಳಿ? ಅವರ ಮನೆಯಲ್ಲಿ ಅತ್ತೆಯವರು, "ನೀನು ಹೋಗಿ ಬಾರಮ್ಮ, ನಾನಿದ್ದೇನೆ" ಎನ್ನುತ್ತಾರೆ. ಆ ಮಾತು ಕೇಳಿಸದ ಮನೆಗಳಲ್ಲಿ ಪದವಿ ಅಲ್ಲಿಗೇ ನಿಂತುಹೋಗುತ್ತದೆ. ಬಿಡುವು ಎಂಬ ಶಬ್ದದ ಒಳಗೇ 'ಬಿಡು' ಎಂಬ ಧಾತುವಿದೆ. ಮತ್ತೊಬ್ಬರು ತಮ್ಮ ಹೊತ್ತನ್ನು ಬಿಟ್ಟುಕೊಟ್ಟ ಹೊರತು ಎಳೆಯ ಮಕ್ಕಳ ತಾಯಿಗೆ ಬಿಡುವು ಹುಟ್ಟುವುದಿಲ್ಲ.

ಹೀಗೆ ತುಣುಕು ತುಣುಕಾಗಿ ಕೂಡಿಸಿದ ಹೊತ್ತಿಗೆ ಬೆಲೆ ಎಷ್ಟೆಂಬುದು 2015ರಲ್ಲಿ ಕರ್ನಾಟಕಕ್ಕೆ ಅರಿವಾಯಿತು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಆ ವರ್ಷ ಸಾರಿತು. ಅದು ಮತ್ತೆ ದೊರೆತದ್ದು 2018ರಲ್ಲಿ, ಮುಂದಿನ ಪ್ರವೇಶಗಳಿಗೆ. ಆಡಳಿತದ ವಾದವಿವಾದಗಳು ಏನೇ ಇರಲಿ, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ಹಿಡಿದವರ ಗಂಟೆಗಳನ್ನು ಯಾವ ಆದೇಶವೂ ಹಿಂದಿರುಗಿಸಲಾರದು. ಆದ್ದರಿಂದ ಹೊಸದಾಗಿ ಸೇರುವವರು ತಮ್ಮ ವ್ಯಾಸಂಗಕ್ಕೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮಾನ್ಯತೆಯುಳ್ಳ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ, ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ಅದೇ ಆಯೋಗ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ ಎಂಬುದು ಸಮಾಧಾನದ ಸಂಗತಿ.

ಕುಮಾರಸ್ವಾಮಿ ಎಂಬ ಹೆಸರು ಕೇಳಿದಾಗಲೆಲ್ಲ ಆ ದೇವರ ಬಾಲ್ಯದ ಕಥೆ ನೆನಪಾಗುತ್ತದೆ. ಶರವಣದ ಜೊಂಡಿನ ನಡುವೆ ದೊರೆತ ಆ ಕೂಸಿಗೆ ಹಾಲೂಡಿ ಸಾಕಿದವರು ಆರು ಮಂದಿ ಕೃತ್ತಿಕೆಯರು. ಅದರಿಂದಲೇ ಆತ ಕಾರ್ತಿಕೇಯನಾದ. ದೇವರ ಮಗುವಿಗೇ ಆರು ಮಂದಿ ತಾಯಂದಿರು ಬೇಕಾದರೆಂದ ಮೇಲೆ, ನಮ್ಮ ಮನೆಗಳಲ್ಲಿ ಒಬ್ಬಳೇ ಮಗುವನ್ನೂ ಆಡಿಸಿ, ಅಡುಗೆಯನ್ನೂ ಮಾಡಿ, ಪರೀಕ್ಷೆಯನ್ನೂ ಬರೆಯಲೆಂದು ಬಯಸುವುದು ಯಾವ ನ್ಯಾಯ? ಗಂಡನು ಒಂದು ಗಂಟೆ, ಅಜ್ಜಿಯು ಒಂದು ಗಂಟೆ, ಪಕ್ಕದ ಮನೆಯವರು ಭಾನುವಾರದ ಒಂದು ಹೊತ್ತು ಬಿಟ್ಟುಕೊಟ್ಟರೆ ಕೃತ್ತಿಕೆಯರ ಬಳಗ ಇಲ್ಲಿಯೇ ಕೂಡೀತು. ಸಂಪರ್ಕ ತರಗತಿ ನಡೆಯುವ ಕಡೆ ಪಕ್ಕದ ಕೊಠಡಿಯಲ್ಲಿ ಒಂದು ಚಾಪೆ ಹಾಸಿ, ನಾಲ್ಕು ಆಟಿಕೆಗಳನ್ನಿರಿಸಿ, ನೋಡಿಕೊಳ್ಳಲು ಒಬ್ಬರನ್ನು ಕೂರಿಸಿದರೆ ಇನ್ನೆಷ್ಟೋ ಮಂದಿ ಧೈರ್ಯ ಮಾಡಿಯಾರು.

ಈ ಬಡಾವಣೆಗೆ ಬಂದವರು ಬೆಟ್ಟದ ಮೇಲಿನ ಕಾಲೇಜನ್ನು ನೋಡಿ ಹೋಗಲಿ. ಆದರೆ ಇರುಳು ಹನ್ನೊಂದರ ಮೇಲೆ ಇಳಿಜಾರಿನ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಅಡುಗೆಮನೆಯ ದೀಪ ಇನ್ನೂ ಉರಿಯುತ್ತಿದ್ದರೆ, ಒಲೆ ಆರಿಸಲು ಮರೆತರೆಂದು ತಿಳಿಯಬಾರದು. ಅಲ್ಲಿ ಯಾರೋ ಆ ದಿನದ ಪಾಲಿನ ಒಂದು ಗಂಟೆ ನಲವತ್ತು ನಿಮಿಷವನ್ನು ಪೂರೈಸುತ್ತಿರುತ್ತಾರೆ.