ರೂಪಲೋಪ

ಪಾಣಿನೀಯ ವ್ಯಾಕರಣವನ್ನೋದಿದವರಿಗೆ ಲೋಪವೆಂಬ ಸಂಜ್ಞೆಯು ಪರಿಚಿತವಾದುದೇ. ಇರಬೇಕಾದುದು ಕಾಣದೆ ಹೋದರೆ ಅದು ಲೋಪ. ಆದರೆ ಲುಪ್ತವಾದ ಪ್ರತ್ಯಯವು ತನ್ನ ಕಾರ್ಯವನ್ನು ಬಿಡುವುದಿಲ್ಲ. ಕಣ್ಮರೆಯಾಗಿಯೂ ಶಬ್ದವನ್ನು ಆಳುತ್ತದೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಈ ನಿಯಮವು ಲಂಡನ್ ನಗರದ ಚಿತ್ರಶಾಲೆಗಳಲ್ಲಿ ನನಗೆ ಊರುಗೋಲಾಯಿತೆಂದರೆ ವಾಚಕರು ನಕ್ಕಾರು.

ಮಗನ ಮನೆಗೆಂದು ಧನಗೆರೆಯಿಂದ ಅಲ್ಲಿಗೆ ಹೋಗಿದ್ದೆನು. ಮೊಮ್ಮಗಳು ವಿಜ್ಞಾನವನ್ನು ಬಿಟ್ಟು ಚಿತ್ರಕಲೆಯನ್ನೇ ಅಭ್ಯಸಿಸುವೆನೆಂದು ಹಟ ಹಿಡಿದಿದ್ದಳು. "ಅಪ್ಪಾ, ನಿಮ್ಮ ಮಾತಾದರೆ ಕೇಳಿಯಾಳು; ಬುದ್ಧಿ ಹೇಳಿ" ಎಂದು ಮಗನು ಬೇಡಿಕೊಂಡನು. ಅವಳಾದರೋ, "ತಾತ, ಮೊದಲು ಬಂದು ನೋಡಿ, ಆಮೇಲೆ ಬುದ್ಧಿ ಹೇಳುವಿರಂತೆ" ಎಂದಳು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲವೆಂದು ಹೊರಟೆನು.

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿರುವ ಟೇಟ್ ಮಾಡರ್ನ್ ಎಂಬ ಚಿತ್ರಶಾಲೆಯು ಹಿಂದೆ ವಿದ್ಯುದಾಗಾರವಾಗಿತ್ತು. 1981ರಲ್ಲಿ ಆ ಕೆಲಸ ನಿಂತು, 2000ದಲ್ಲಿ ಚಿತ್ರಗಳು ಅಲ್ಲಿಗೆ ಬಂದವು. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ನೆರೆಯವರಾದ ನಮಗೆ ಯಂತ್ರಶಾಲೆ ಹೊಸತಲ್ಲ. ಯಂತ್ರಗಳು ತೆರವು ಮಾಡಿದ ಆ ಮಹಾಶೂನ್ಯದಲ್ಲಿ ನಿಂತುದು ಮಾತ್ರ ಹೊಸ ಅನುಭವ.

ಮೊದಲು ಕಂಡುದು ಡ್ಯೂಷಾಂಪನ ಕೃತಿ: ಗಂಡಸರ ಮೂತ್ರಾಲಯದ ಪಿಂಗಾಣಿ ಪಾತ್ರೆ! 1917ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಚಿತ್ರಪ್ರದರ್ಶನಕ್ಕೆ ಕಳುಹಿಸಿದನಂತೆ. ಮೂಲವು ಕಳೆದುಹೋಗಿ, ಈಗಿರುವುದು 1964ರ ಪ್ರತಿ. ಕಲೆಯೆಂದರೇನೆಂಬ ಪ್ರಶ್ನೆಯನ್ನು ಅದು ಕೇಳುವುದು ದಿಟ. ಆದರೆ ಒಗಟನ್ನು ಒಮ್ಮೆ ಕೇಳಿದ ಮೇಲೆ ಮತ್ತೆ ಕೇಳುವ ಆಸೆ ಹುಟ್ಟದು. ಇಲ್ಲಿ ಲೋಪವಾಗಲು ಏನೂ ಇರಲಿಲ್ಲ.

ಮಾತೀಸನ 'ಬಸವನಹುಳು' ಬೇರೆಯ ಮಾತು. ಎಂಬತ್ತು ದಾಟಿದ ರೋಗಿ, 1953ರಲ್ಲಿ, ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿ ಆಳೆತ್ತರವನ್ನು ಮೀರಿದ ಆ ಕೃತಿಯನ್ನು ಮಾಡಿಸಿದನು. ಹುಳು ಕಾಣದು; ಅದರ ಸುರುಳಿ ಮಾತ್ರ ಕಣ್ಣನ್ನು ತಿರುಗಿಸುತ್ತದೆ.

ಮುಂದೆ ಮಬ್ಬುಬೆಳಕಿನ ಕೋಣೆಯಲ್ಲಿ ರಾಥ್ಕೋ ಎಂಬವನ ದೊಡ್ಡ ಪಟಗಳು. ನ್ಯೂಯಾರ್ಕಿನ ಶ್ರೀಮಂತ ಭೋಜನಶಾಲೆಯೊಂದಕ್ಕೆಂದು 1958ರಲ್ಲಿ ಒಪ್ಪಿಕೊಂಡು, ಸ್ಥಳವು ತಕ್ಕುದಲ್ಲವೆಂದು ಹಣವನ್ನು ಹಿಂದಿರುಗಿಸಿದವನು. ಒಂಬತ್ತು ಪಟಗಳನ್ನು ಟೇಟ್ ಸಂಸ್ಥೆಗೆ ದಾನವಿತ್ತನು. ಅವು ಲಂಡನ್ ಸೇರಿದ ದಿನವೇ, 1970ರ ಫೆಬ್ರವರಿಯಲ್ಲಿ, ಅವನ ಮರಣವಾರ್ತೆಯೂ ಬಂದಿತಂತೆ. ಮನುಷ್ಯನಿಲ್ಲ, ಮರವಿಲ್ಲ, ಕೊಳ್ಳೇಗಾಲದ ಕಡುಗೆಂಪು ರೇಷ್ಮೆಯನ್ನು ಮುಸ್ಸಂಜೆಯಲ್ಲಿ ಕಂಡಂತಹ ಬಣ್ಣ, ಅದರಲ್ಲಿ ಬಾಗಿಲೋ ಕಿಟಕಿಯೋ ಎಂಬಂತಹ ಚೌಕಟ್ಟು. ಮೊಮ್ಮಗಳು ಅರ್ಧ ಗಂಟೆ ಮಾತಿಲ್ಲದೆ ಕುಳಿತಳು, ನಾನೂ ಕುಳಿತೆನು. ದುಃಖಿಸುವವರಾರೂ ಕಾಣದಿದ್ದರೂ ದುಃಖವು ಅಲ್ಲಿತ್ತು.

ಅಪರಾಹ್ನ ದೋಣಿಯಲ್ಲಿ ಟೇಟ್ ಬ್ರಿಟನ್ ಚಿತ್ರಶಾಲೆಗೆ ಹೋದೆವು. ರಾಥ್ಕೋ ಮೆಚ್ಚಿದ್ದ ಟರ್ನರನ ಚಿತ್ರಗಳು ಅಲ್ಲಿವೆ. ಕೊನೆಗಾಲದ ಪಟಗಳಲ್ಲಿ ಕಡಲೂ ಹಡಗೂ ಬೆಳಕಿನಲ್ಲಿ ಕರಗಿಹೋಗಿವೆ. ಅವನೇ 1807ರಲ್ಲಿ ರಾಯಲ್ ಅಕಾಡೆಮಿಯಲ್ಲಿ ದೂರ ಸಮೀಪಗಳನ್ನು ರೇಖೆಯಲ್ಲಿ ತೋರಿಸುವ ಶಾಸ್ತ್ರಕ್ಕೆ ಅಧ್ಯಾಪಕನಾಗಿ ನೇಮಕಗೊಂಡವನು! ಪ್ರತ್ಯಯವನ್ನು ವಿಧಿಸಿದ ಮೇಲಲ್ಲವೆ ಲೋಪ?

ರಾತ್ರಿ ಮಗನಿಗೆ ಹೇಳಿದೆನು: "ಈ ವಿದ್ಯೆ ಅನ್ನವಿತ್ತೀತೋ ಇಲ್ಲವೋ, ಹೇಳಲಾರೆನು. ಆದರೆ ಹುಡುಗಿಗೆ ನೋಡುವ ತಾಳ್ಮೆಯಿದೆ, ತಡೆಯಬೇಡ." ಅವಳಿಗೆ ಹೇಳಿದುದು ಒಂದೇ: "ಅಳಿಸುವುದು ಆಮೇಲೆ, ತಾಯಿ, ಮೊದಲು ಕೈಯನ್ನು ಕೈಯಾಗಿ ಬರೆ."

ಮಗನು ಒಂದು ವರ್ಷದ ಅವಧಿ ಕೊಟ್ಟಿದ್ದಾನೆ. ಈಚೆಗೆ ಬಂದ ಕಾಗದದಲ್ಲಿ ಅವಳು ತನ್ನ ಎಡಗೈಯನ್ನು ಇಪ್ಪತ್ತು ಬಗೆಯಾಗಿ ಬರೆದು ಕಳುಹಿಸಿದ್ದಾಳೆ. ಹದಿನೆಂಟು ಬರಿಯ ಅಭ್ಯಾಸ, ಎರಡರಲ್ಲಿ ಜೀವವಿದೆ.