ಕುಮಾರಪರ್ವತಕ್ಕೆ ಯಾವ ಸ್ವೆಟರ್?
ಕುಕ್ಕೆಯಿಂದ ಹೊರಟವರ ಅಂಗಿ ಭಟ್ಟರ ಮನೆ ತಲುಪುವಷ್ಟರಲ್ಲಿ ಬೆವರಿಗೆ ತೊಯ್ದಿರುತ್ತದೆ. ಸ್ವೆಟರ್ ಏಕಾದರೂ ಹೊತ್ತೆವೋ ಎನಿಸುವುದು ಇಲ್ಲೇ. ಆದರೆ ಮುಂದೆ ಕಾಡು ಮುಗಿದು ಬೋಳು ಹುಲ್ಲುಗಾವಲು, ಬೀಸುಗಾಳಿ. 1,000 ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಇದರ ತುದಿಯೋ 1,712 ಮೀಟರ್. ಒದ್ದೆ ಮೈಗೆ ನಡುಕ ಹತ್ತಲು ಇಷ್ಟು ಸಾಕು.

ಅಂಗಿಗೂ ಜರ್ಕಿನ್‌ಗೂ ನಡುವೆ ತೊಡುವುದು ಹತ್ತಿಯದಾದರೆ ದಂಡ. ಬೆವರು ಕುಡಿದು ಒದ್ದೆ ಗೋಣಿಯಂತೆ ಮೈಗಂಟುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗೆ, ಆದರೆ ಒಣಗುವುದು ನಿಧಾನ. (ಊರ ಕಂಬಳಿಯೇ ಸಾಕೆನ್ನುವವರು ಹೊತ್ತು ನೋಡಲಿ!) ಪಾಲಿಯೆಸ್ಟರ್ ಫ್ಲೀಸ್ ಹಗುರ, ಬೇಗ ಒಣಗುತ್ತದೆ, ಗಾಳಿಯನ್ನು ಮಾತ್ರ ತಡೆಯದು, ಅದಕ್ಕೇ ಮೇಲೆ ಜರ್ಕಿನ್. ನನ್ನ ಮತ ಜಿಪ್ ಇರುವ ತೆಳು ಫ್ಲೀಸ್‌ಗೆ. ಏರುವಾಗ ಚೀಲದಲ್ಲಿರಲಿ. ಶೇಷಪರ್ವತದಲ್ಲಿ ಕುಳಿತೊಡನೆ, ಚಳಿ ಹತ್ತುವ ಮೊದಲೇ ತೊಟ್ಟುಕೊಳ್ಳಿ.